ಹೋಗುತ್ತೇನೆ ಎನ್ನಲು ಕಲಿತ ಊರು

ಮಧುಗಿರಿ

ನಾನು ವಿದೇಶಕ್ಕೆ ಹೋಗಿದ್ದು ಒಂದೇ ಸಲ. ಅದೂ ನೋಡುವುದಕ್ಕೆ, ಮುಟ್ಟುವುದಕ್ಕಲ್ಲ. ನಮ್ಮ ವೈದ್ಯಕೀಯ ಕಾಲೇಜಿಗೂ ಸ್ಕಾಟ್ಲೆಂಡಿನ ಕಡಲತೀರದ ಒಂದು ಪಟ್ಟಣದ ಆಸ್ಪತ್ರೆಗೂ ಇದ್ದ ಒಪ್ಪಂದದ ಮೇರೆಗೆ, ಜನರಲ್ ಮೆಡಿಸಿನ್ ವಿಭಾಗದಲ್ಲಿ ಸ್ನಾತಕೋತ್ತರ ವ್ಯಾಸಂಗದ ಕೊನೆಯ ವರ್ಷದಲ್ಲಿದ್ದ ನನ್ನನ್ನು ಕೆಲವು ವಾರಗಳ ಮಟ್ಟಿಗೆ ಅಲ್ಲಿಗೆ ಕಳುಹಿಸಿದರು. ವೈದ್ಯರ ಹಿಂದೆ ನಡೆಯಬಹುದು, ರೋಗಿಗಳ ಜೊತೆ ಮಾತನಾಡಬಹುದು, ಚಿಕಿತ್ಸೆ ಕೊಡುವಂತಿಲ್ಲ. ಇದು ನಿಯಮ.

ನಮ್ಮ ಮನೆಯಲ್ಲಿ ಕಾಲೇಜಿಗೆ ಹೋದವರಲ್ಲಿ ನಾನು ಮೊದಲನೆಯವಳು, ನನ್ನ ತಂಗಿ ಗೌತಮಿ ಎರಡನೆಯವಳು. ಅಪ್ಪ ಮಧುಗಿರಿಯ ಕೋರ್ಟಿನಲ್ಲಿ ಜವಾನರು. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದು ಅವರ ಕೆಲಸ. ಅಮ್ಮ ಅಂಗನವಾಡಿ ಕಾರ್ಯಕರ್ತೆ. ಗೌತಮಿ ಹತ್ತಿರದ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗದ ಮೊದಲ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿನಿ. ಒಂದು ದಿನ ಬೆಳಿಗ್ಗೆ ಒಳಗೆ ಹೋದರೆ ಮರುದಿನ ಸಂಜೆ ಹೊರಗೆ ಬರುವುದು ಅವಳ ದಿನಚರಿ. ಕೆಲವೊಮ್ಮೆ ಅದೂ ತಪ್ಪುತ್ತಿತ್ತು.

ಹೊರಡುವ ದಿನ ಅಪ್ಪ ಅಮ್ಮ ಇಬ್ಬರೂ ಬಸ್ ನಿಲ್ದಾಣಕ್ಕೆ ಬಂದಿದ್ದರು.

“ಗೌತಮಿ ಬರ್ಲೇ ಇಲ್ವಲ್ಲಮ್ಮ,” ಎಂದೆ.

“ಅವ್ಳಿಗೆ ಡ್ಯೂಟಿ ಕಣಮ್ಮ, ಹೆಂಗ್ ಬತ್ತಾಳೆ? ನಿನ್ನೆ ಫೋನಲ್ಲಿ ಮಾತಾಡ್ತಾ ಮಾತಾಡ್ತಾನೇ ನಿದ್ದೆ ಹೋಗ್ಬುಟ್ಟಳು. ನಾನೂ ಮಡಗ್ಬುಟ್ಟೆ,” ಎಂದರು ಅಮ್ಮ. ಆ ಮಾತಿನಲ್ಲಿ ಕನಿಕರಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು.

ಅಪ್ಪ ತಮ್ಮ ವೃತ್ತಿಗೆ ತಕ್ಕ ಬುದ್ಧಿಮಾತು ಹೇಳಿದರು: “ಅಲ್ಲಿ ಯಾರಾದ್ರೂ ಏನಾದ್ರೂ ಕೇಳಿದ್ರೆ ಗಟ್ಟಿಯಾಗಿ ಹೇಳು. ಮೆತ್ತಗೆ ಹೇಳಿದ್ರೆ ಸುಳ್ಳು ಅನ್ಕೊಂಬುಡ್ತಾರೆ.”

“ಅವ್ಳೇನ್ ಕಟಕಟೆ ಹತ್ತಕ್ಕೆ ಹೋಗ್ತಾವ್ಳಾ?” ಎಂದು ಅಮ್ಮ ಗದರಿದರು. ಬಸ್ಸು ಹೊರಟಿತು.

ವೈದ್ಯರ ಕೋಣೆ

ಬೆಟ್ಟದ ಬುಡದಲ್ಲಿ ಬೆಳೆದವರಿಗೆ ಒಂದು ದೌರ್ಬಲ್ಯವಿರುತ್ತದೆಯೆಂದು ನನಗೆ ಅಲ್ಲಿಗೆ ಹೋದ ಮೇಲೆ ತಿಳಿಯಿತು. ಮಧುಗಿರಿಯಲ್ಲಿ ಯಾವ ಬೀದಿಯಲ್ಲಿ ನಿಂತರೂ ತಲೆಯೆತ್ತಿ ಬೆಟ್ಟದ ಬಂಡೆ ನೋಡಿದರೆ ಸಾಕು, ಮನೆ ಯಾವ ಕಡೆ ಎಂಬುದು ಗೊತ್ತಾಗುತ್ತದೆ. ಆ ಪಟ್ಟಣದಲ್ಲಿ ತಲೆಯೆತ್ತಿದರೆ ಬೂದು ಬಣ್ಣದ ಆಕಾಶ, ತಗ್ಗಿಸಿದರೆ ಬೂದು ಬಣ್ಣದ ಕಲ್ಲಿನ ಮನೆಗಳು. ಮೊದಲ ಬೆಳಿಗ್ಗೆಯೇ ಎದುರು ದಿಕ್ಕಿನ ಬಸ್ಸು ಹತ್ತಿ ಮೀನು ಬಂದರಿನಲ್ಲಿ ಇಳಿದೆ. ಇಳಿಯುವವರೆಲ್ಲರೂ ಚಾಲಕನಿಗೆ ಧನ್ಯವಾದ ಹೇಳಿಯೇ ಇಳಿಯುತ್ತಿದ್ದರು. ದಾರಿ ತಪ್ಪಿದ ನಾನೂ ಹೇಳಿದೆ. ನಮ್ಮ ಕಡೆ ಹೀಗೆ ಹೇಳಿದರೆ ಚಾಲಕ ಏನೋ ಅಪಹಾಸ್ಯವೆಂದು ತಿರುಗಿ ನೋಡುತ್ತಾನೆ.

ಆಸ್ಪತ್ರೆಯಲ್ಲಿ ನಾನು ಹಿಂದೆ ನಡೆಯಬೇಕಾಗಿದ್ದದ್ದು ಐಲ್ಸಾ ಎಂಬ ವೈದ್ಯೆಯ ಹಿಂದೆ. ಅವಳೂ ನನ್ನಂತೆಯೇ ತರಬೇತಿಯಲ್ಲಿದ್ದವಳು, ವಯಸ್ಸಿನಲ್ಲೂ ಸಮಾನಳು. ವೃದ್ಧರ ವಾರ್ಡು ಅವಳದು. ಬರಿಗೈಯಲ್ಲಿ ಹೋಗಬಾರದೆಂದು ನಾನು ವೈ.ಎನ್. ಹೊಸಕೋಟೆಯ ನಮ್ಮ ದೊಡ್ಡಮ್ಮ ತಮ್ಮ ಹೊಲದ ಕಡಲೆಕಾಯಿಯಲ್ಲಿ ಮಾಡಿಕೊಟ್ಟ ಉಂಡೆಗಳ ಡಬ್ಬಿಯನ್ನು ಒಯ್ದಿದ್ದೆ. ವೈದ್ಯರ ಕೋಣೆಯಲ್ಲಿ ಅದರ ಮುಚ್ಚಳ ತೆಗೆದದ್ದೇ ತಡ, ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಅಲ್ಲಿನ ಒಬ್ಬ ದಾದಿಗೆ ಕಡಲೆಕಾಯಿ ವಾಸನೆಯೇ ಆಗದು, ಉಸಿರು ಕಟ್ಟುತ್ತದೆಯಂತೆ. ಗೋಡೆಯ ಮೇಲೆ ದೊಡ್ಡಕ್ಷರದ ಎಚ್ಚರಿಕೆಯೂ ಇತ್ತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಐಲ್ಸಾ ಡಬ್ಬಿಯನ್ನು ಎರಡು ಚೀಲಗಳಲ್ಲಿ ಸುತ್ತಿ ತನ್ನ ಕಾರಿನಲ್ಲಿಟ್ಟು ಬಂದಳು. “ಮನೆಯಲ್ಲಿ ಒಬ್ಬಳೇ ತಿನ್ನುತ್ತೇನೆ. ಹಂಚುವಂತಿಲ್ಲವೆಂಬುದೇ ಸಂತೋಷ,” ಎಂದಳು.

ಬೆಳಕಿರುವಾಗ

ಬೇಸಿಗೆಯ ಆ ದಿನಗಳಲ್ಲಿ ಅಲ್ಲಿ ಸೂರ್ಯ ಮುಳುಗುವ ಲಕ್ಷಣವೇ ಕಾಣುವುದಿಲ್ಲ. ಪಾಳಿ ಮುಗಿದು ಹೊರಗೆ ಬಂದಾಗ ಬಿಸಿಲು ಇನ್ನೂ ಗೋಡೆಯ ಮೇಲಿರುತ್ತಿತ್ತು. ಬೆಳಕಿರುವಾಗಲೇ ಆಸ್ಪತ್ರೆಯಿಂದ ಹೊರಗೆ ನಡೆಯುವುದು ನನಗೆ ಯಾವುದೋ ಮದುವೆ ಮನೆಯಿಂದ ಊಟದ ನಡುವೆ ಎದ್ದುಬಂದಂತೆ ಅನ್ನಿಸುತ್ತಿತ್ತು.

ಮೊದಲ ದಿನ ಪಾಳಿ ಮುಗಿದರೂ ನಾನು ಕುರ್ಚಿಯಿಂದ ಏಳಲೇ ಇಲ್ಲ. ಐಲ್ಸಾ ಮುಂದಿನ ಪಾಳಿಯ ವೈದ್ಯನಿಗೆ ಒಬ್ಬೊಬ್ಬ ರೋಗಿಯ ವಿಷಯವನ್ನೂ ತಿಳಿಸಿ, ಕೋಟು ಹಾಕಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನೋಡಿದಳು. ನಾನು ಒಬ್ಬ ಅಜ್ಜನ ಎಕ್ಸ್‌ರೇ ನೋಡುತ್ತ ಕುಳಿತಿದ್ದೆ.

“ನಿನಗೆ ಮನೆಯಿಲ್ಲವೇ?” ಎಂದಳು.

“ಇನ್ನೂ ಸ್ವಲ್ಪ ಕೆಲಸವಿದೆ.”

“ನಿನಗೆ ಇಲ್ಲಿ ಕೆಲಸವೇ ಇಲ್ಲ. ನೀನು ನೋಡಲು ಬಂದವಳು,” ಎಂದು ನಕ್ಕು, ತೋಳು ಹಿಡಿದು ಎಬ್ಬಿಸಿದಳು.

ಪಾಳಿಯ ಅವಧಿ, ಎರಡು ಪಾಳಿಗಳ ನಡುವಿನ ಬಿಡುವು ಎಲ್ಲಕ್ಕೂ ಅಲ್ಲಿ ಮಿತಿಯಿದೆ. ರಾತ್ರಿ ಪಾಳಿ ಮುಗಿಸಿದವರಿಗೆ ಕಾರು ನಡೆಸುವಷ್ಟು ಎಚ್ಚರವಿಲ್ಲದಿದ್ದರೆ ಮಲಗಲು ಒಂದು ಕೋಣೆಯಿದೆ. ಊಟ ಬಿಟ್ಟು ಕೆಲಸ ಮಾಡುವವರನ್ನು ದಾದಿಯರು ಗದರಿಸುತ್ತಾರೆ, ಹೊಗಳುವುದಿಲ್ಲ. ಇದನ್ನು ನಾನು ಮೆಚ್ಚಿ ಮಾತನಾಡಿದಾಗ ಐಲ್ಸಾಳ ಮುಖ ಗಂಭೀರವಾಯಿತು.

“ಇದು ಸ್ವರ್ಗವೆಂದು ಊರಿಗೆ ಹೋಗಿ ಹೇಳಬೇಡ. ಕೆಲಸಕ್ಕೆ ಜನ ಸಾಲದೆ ಪಾಳಿ ಮುಗಿದ ಮೇಲೂ ನಾವು ನಿಲ್ಲುತ್ತೇವೆ. ಹೋದ ಚಳಿಗಾಲದಲ್ಲಿ ನಾನು ಹೊದಿಕೆ ಇಡುವ ಕೋಣೆಗೆ ಹೋಗಿ ಅಳುತ್ತಿದ್ದೆ. ವ್ಯತ್ಯಾಸ ಇಷ್ಟೇ. ಅಳುತ್ತಿದ್ದವಳನ್ನು ನೋಡಿದವರು ನನ್ನನ್ನು ಮನೆಗೆ ಕಳುಹಿಸಿದರು.”

ಮೊದಲ ವರ್ಷ ಅಳದವರು ನಮ್ಮಲ್ಲಿ ಯಾರೂ ಇಲ್ಲ. ಅಳುವುದು ಓದಿನ ಒಂದು ಭಾಗ ಎಂದೇ ನಾವು ತಿಳಿದಿದ್ದೇವೆ. ಆದರೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಹೇಗೆ ಕೇಳಿಸುವುದೋ ಎಂದು ಅಳುಕಿದೆ.

ಮೋರಾಗ್ ಅಜ್ಜಿ

ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಮೋರಾಗ್ ಎಂಬ ಅಜ್ಜಿಯಿದ್ದರು. ಹೃದಯ ದುರ್ಬಲವಾಗಿ ಕಾಲು ಊದಿಕೊಂಡು ಬಂದವರು, ಈಗ ಚೇತರಿಸಿಕೊಂಡಿದ್ದರು. ಅವರನ್ನು ಮಗಳ ಊರಿನ ಸಣ್ಣ ಆಸ್ಪತ್ರೆಗೆ ವರ್ಗಾಯಿಸುವುದೆಂದು ತೀರ್ಮಾನವಾಗಿತ್ತು. ಮದ್ದು ಕೊಡುವ ಅಧಿಕಾರವಿಲ್ಲದ ನಾನು ದಿನವೂ ಅವರ ಪಕ್ಕದಲ್ಲಿ ಕುಳಿತು ಮಾತು ಕೇಳುತ್ತಿದ್ದೆ. ಅವರ ಉಚ್ಚಾರಣೆ ನನಗೆ ಅರ್ಧ ತಿಳಿಯುತ್ತಿರಲಿಲ್ಲ. ನನ್ನದು ಅವರಿಗೂ ಅಷ್ಟೇ. ಅದರಿಂದ ನಮ್ಮಿಬ್ಬರಿಗೂ ಬೇಸರವಾಗಲಿಲ್ಲ.

ಒಂದು ಮಧ್ಯಾಹ್ನ ಬೇಗ ಹೊರಡಬೇಕಾಗಿ ಬಂದು ಅವರಿಗೆ ಹೇಳಲು ಹೋದೆ. ಹಾಸಿಗೆ ಹಿಡಿದವರ ಮುಂದೆ ನಿಂತು “ಹೋಗುತ್ತೇನೆ” ಎನ್ನಲು ನಮ್ಮ ಕಡೆಯ ಯಾರ ನಾಲಿಗೆಯೂ ಏಳುವುದಿಲ್ಲ. ಹೊಸಿಲು ದಾಟುವಾಗ “ಬತ್ತೀನಿ” ಎನ್ನುತ್ತೇವೆ. ತಿರುಗಿ ಬರುವುದಿಲ್ಲವೆಂದು ಗೊತ್ತಿದ್ದರೂ ಹಾಗೆಯೇ ಎನ್ನುತ್ತೇವೆ. ಹೋಗುತ್ತೇನೆ ಎಂಬುದು ಮರಳದವರ ಮಾತು. ಆದ್ದರಿಂದ ನಾನು ಅಜ್ಜಿಯ ಕೈ ಹಿಡಿದು, ಸ್ಪಷ್ಟವಾದ ಇಂಗ್ಲಿಷಿನಲ್ಲಿ, “ನಾನು ಬರುತ್ತೇನೆ” ಎಂದು ಹೇಳಿ ಹೊರಟೆ.

ಮರುದಿನ ಬೆಳಿಗ್ಗೆ ಐಲ್ಸಾ ನನ್ನನ್ನು ಪಕ್ಕಕ್ಕೆ ಕರೆದಳು. “ಮೋರಾಗ್‌ಗೆ ನೀನು ಮತ್ತೆ ಬರುತ್ತೇನೆಂದು ಹೇಳಿದ್ದೆಯಾ?”

“ಹೌದು... ಇಲ್ಲ. ಹೋಗುತ್ತೇನೆ ಎಂಬ ಅರ್ಥದಲ್ಲಿ ಹೇಳಿದ್ದು.”

ನಾನು ಹೊರಟ ಮೇಲೆ ಅಜ್ಜಿಯನ್ನು ಒಯ್ಯಲು ಆಂಬುಲೆನ್ಸ್ ಬಂದಿತ್ತು. ಭಾರತದ ಡಾಕ್ಟರು ಬರುತ್ತೇನೆಂದು ಮಾತು ಕೊಟ್ಟಿದ್ದಾಳೆ, ಅವಳಿಗೆ ಹೇಳದೆ ಕದಲುವುದಿಲ್ಲ ಎಂದು ಅಜ್ಜಿ ಹಠ ಹಿಡಿದರಂತೆ. ಆಂಬುಲೆನ್ಸ್ ಕಾದು ಹಿಂತಿರುಗಿತು. ಮಗಳ ಊರಿನಲ್ಲಿ ಅವರಿಗೆಂದು ಇಟ್ಟಿದ್ದ ಹಾಸಿಗೆ ಬೇರೆಯವರಿಗೆ ಹೋಯಿತು. ಅಲ್ಲಿ ಮಗಳು ಬಾಗಿಲಲ್ಲಿ ಕಾಯುತ್ತಿದ್ದಳು.

ನಾನು ನಮ್ಮ ರೂಢಿಯನ್ನು ವಿವರಿಸಿದೆ. ಐಲ್ಸಾ ಮೊದಲು ನಕ್ಕಳು. ನಂತರ ಯೋಚಿಸಿ ಕೇಳಿದಳು: “ಹಾಗಾದರೆ ಕೆಲಸ ಮುಗಿಸಿ ಹೊರಡುವ ಡಾಕ್ಟರು ನಿಮ್ಮಲ್ಲಿ ಏನೆನ್ನುತ್ತಾರೆ?”

“ಬರುತ್ತೇನೆ ಎನ್ನುತ್ತೇವೆ.”

“ಬರುತ್ತೀರಾ?”

“ಬಹಳ ಸಲ ಬರುತ್ತೇವೆ. ಫೋನ್ ಮಾಡಿ ಕರೆಯುತ್ತಾರೆ. ಎಷ್ಟೋ ಸಲ ಹೊರಡುವುದೇ ಇಲ್ಲ.”

ಅವಳು ಕಿಟಕಿಯ ಪಕ್ಕದ ಹಾಸಿಗೆಯತ್ತ ಕೈ ತೋರಿಸಿದಳು.

ಅಜ್ಜಿಯ ಬಳಿಗೆ ಹೋಗಿ ಕ್ಷಮೆ ಕೇಳಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ನನ್ನನ್ನು ದಿಟ್ಟಿಸಿದರು. “ಬರುತ್ತೀಯೋ ಹೋಗುತ್ತೀಯೋ ಒಂದನ್ನು ಹೇಳಿಬಿಡು ಮಗು. ಚಹಾಕ್ಕೆ ನೀರಿಡಬೇಕೋ ಬೇಡವೋ ಎಂಬುದು ಕಾಯುವವಳಿಗೆ ಗೊತ್ತಾಗಬೇಕು.”

ಅಂದಿನಿಂದ ಐಲ್ಸಾ ಹೊರಡುವುದನ್ನು ನಾನು ಗಮನವಿಟ್ಟು ನೋಡತೊಡಗಿದೆ. ಕಷ್ಟದಲ್ಲಿರುವ ರೋಗಿಯ ಬಳಿ ಅವಳು ಒಬ್ಬಳೇ ನಿಂತು ವಿದಾಯ ಹೇಳುತ್ತಿರಲಿಲ್ಲ. ಮುಂದಿನ ಪಾಳಿಯವನನ್ನು ಜೊತೆಯಲ್ಲಿ ಕರೆದೊಯ್ದು, “ನಾನು ಈಗ ಹೋಗುತ್ತೇನೆ. ಇನ್ನು ಇವನು ನಿಮ್ಮನ್ನು ನೋಡಿಕೊಳ್ಳುತ್ತಾನೆ,” ಎನ್ನುತ್ತಿದ್ದಳು. ಹೋಗುತ್ತೇನೆ ಎನ್ನುವವರ ಪಕ್ಕದಲ್ಲಿ ಇನ್ನೊಬ್ಬರು ನಿಂತಿದ್ದರೆ ಆ ಮಾತಿಗೆ ಸಾವಿನ ವಾಸನೆಯಿರುವುದಿಲ್ಲ. ಯಾರೂ ನಿಂತಿಲ್ಲದ ಕಡೆಯಲ್ಲೇ ನಾವು ಬರುತ್ತೇನೆ, ಬರುತ್ತೇನೆ ಎನ್ನುತ್ತಿರಬೇಕಾಗುತ್ತದೆ.

ಕಡಲ ದಂಡೆ

ಒಂದು ದಿನ ಐಲ್ಸಾಳಿಗೆ ರಜೆಯಿತ್ತು. ಮಧ್ಯಾಹ್ನ ನನ್ನನ್ನು ಕಡಲ ದಂಡೆಗೆ ಕರೆದೊಯ್ದಳು. ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿದ್ದರೂ ಅಲ್ಲಿನ ಜನ ಅದನ್ನು ಒಳ್ಳೆಯ ಹವೆಯೆಂದು ಕರೆಯುತ್ತಾರೆ. ಬೆಂಚಿನ ಮೇಲೆ ಕುಳಿತಿದ್ದಾಗ ಗೌತಮಿಯ ಫೋನ್ ಬಂತು. ಊರಿನಲ್ಲಿ ಆಗ ಸಂಜೆ.

“ಅಕ್ಕ, ಊಟ ಆಯ್ತಾ?”

“ನಂದಿರ್ಲಿ. ನೀನೆಲ್ಲಿದೀಯ?”

“ಲೇಬರ್ ವಾರ್ಡ್ ಹಿಂದ್ಗಡೆ ಮೆಟ್ಲ ಮೇಲೆ. ಕಾಲೆತ್ತಿಡಕ್ಕೆ ಆಗ್ತಾ ಇಲ್ಲ ಕಣಕ್ಕ.”

“ನಿನ್ನೆ ಬೆಳಿಗ್ಗೆ ಹೋದೋಳಲ್ವಾ? ಡ್ಯೂಟಿ ಇನ್ನೂ ಮುಗೀಲಿಲ್ವಾ?”

“ಮುಗಿಯೋದು ಅಂದ್ರೆ ಏನಕ್ಕ?” ಎಂದು ನಕ್ಕಳು. ಆ ನಗೆ ಅವಳದಾಗಿರಲಿಲ್ಲ. “ಇವತ್ತು ಒಂದು ಡೋಸ್ ತಪ್ಪಾಗಿ ಬರೆದ್ಬುಟ್ಟಿದ್ದೆ. ಸಿಸ್ಟರ್ ನೋಡಿ ತಡೆದ್ರು. ಏನೂ ಆಗ್ಲಿಲ್ಲ. ಎಲ್ಲಾರ ಮುಂದೆ ಮೇಡಮ್ಮು ಕೇಳಿದ್ರು, ನಿಂಗೆ ಸೀಟು ಯಾರು ಕೊಟ್ಟಿದ್ದು ಅಂತ. ಅಮ್ಮಂಗೆ ಹೇಳ್ಬೇಡ. ಸರಿ ಅಕ್ಕ. ನಾನು ಹೋಗ್ತೀನಿ.”

ಫೋನ್ ಕಟ್ಟಾಯಿತು.

ಹುಟ್ಟಿದಾಗಿನಿಂದ ಅವಳು ನನಗೆ ಆ ಮಾತು ಹೇಳಿರಲಿಲ್ಲ. ಇಡ್ತೀನಿ ಎನ್ನುತ್ತಿದ್ದಳು, ಬತ್ತೀನಿ ಎನ್ನುತ್ತಿದ್ದಳು, ಸಿಟ್ಟು ಬಂದರೆ ಏನೂ ಹೇಳದೆ ಇಡುತ್ತಿದ್ದಳು. ನಾನು ಎದ್ದು ನಿಂತಿದ್ದೆ. ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ. ಐಲ್ಸಾಳಿಗೆ ಎರಡೇ ಮಾತಿನಲ್ಲಿ ತಿಳಿಸಿದೆ. ಆ ಪದದ ಅರ್ಥವನ್ನು ಅವಳಿಗೆ ಮತ್ತೆ ವಿವರಿಸಬೇಕಾಗಿರಲಿಲ್ಲ.

“ನೇರವಾಗಿ ಕೇಳು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೊರಗೆ ಬರುತ್ತದೆ,” ಎಂದಳು.

ಇದು ನನಗೂ ತಿಳಿದದ್ದೇ. ಆ ಪ್ರಶ್ನೆಯನ್ನು ಎಷ್ಟೋ ರೋಗಿಗಳಿಗೆ ಕೇಳಿದ್ದೇನೆ. ಒಡಹುಟ್ಟಿದವಳಿಗೆ ಕೇಳಬೇಕಾದಾಗ ಕನ್ನಡವೇ ಮರೆತಂತಾಯಿತು. ಕೊನೆಗೊಮ್ಮೆ ಅವಳು ಫೋನ್ ಎತ್ತಿದಳು.

“ಗೌತಮಿ, ನಿಜ ಹೇಳು. ಸಾಯ್ಬೇಕು ಅನ್ನಿಸ್ತಾ ಇದೆಯಾ?”

ಗಾಳಿಯ ಸದ್ದಿಗೆ ನಾನು ಇನ್ನೊಂದು ಕಿವಿ ಮುಚ್ಚಿಕೊಂಡೆ.

“ಮಲಗ್ಬೇಕು ಅನ್ಸತ್ತೆ ಅಕ್ಕ. ಎದ್ದೇಳ್ದಂಗೆ.”

“ಏನಾದ್ರೂ ಮಾಡ್ಕೋಬೇಕು ಅಂತ ಯೋಚ್ನೆ ಮಾಡಿದೀಯಾ?”

“ಹ್ಞೂ,” ಎಂದು ಅಳತೊಡಗಿದಳು.

“ಅಲ್ಲೇ ಕೂತಿರು. ಪಕ್ಕದಲ್ಲಿ ಯಾರವ್ರೆ?”

“ರೆಹಾನಾ ಸಿಸ್ಟರ್ ಈಗ ಬಂದ್ರು. ಹುಡುಕ್ಕೊಂಡು ಬಂದವ್ರೆ.”

“ಅವ್ರಿಗೆ ಫೋನ್ ಕೊಡು.”

ರೆಹಾನಾ ಶಿರಾದವರು, ಆ ವಾರ್ಡಿನ ದಾದಿ. ಡೋಸಿನ ತಪ್ಪನ್ನು ಕಂಡುಹಿಡಿದವರೂ ಅವರೇ. ನಾನು ಹೇಳಿದ್ದನ್ನು ಕೇಳಿಸಿಕೊಂಡು ಅವರು ಗಾಬರಿಯಾಗಲಿಲ್ಲ.

“ಫಿಕರ್ ಮಾಡ್ಬೇಡಿ ಡಾಕ್ಟ್ರೆ. ಇವ್ರನ್ನ ಒಬ್ರನ್ನೇ ಬಿಡಲ್ಲ ನಾನು. ವಾರ್ಡೊಳಗೇ ನಮ್ ರೂಮಲ್ಲಿ ಮಲಗಿಸ್ತೀನಿ. ಮನೆಯೋರು ಯಾರು ಬರ್ತಾರೆ, ಅದು ಹೇಳಿ.”

“ವಾರ್ಡಿಂದ ಕರೀತಾರಲ್ಲ?”

“ಕರೀಲಿ ಬಿಡಿ. ಬೇರೆ ಡಾಕ್ಟ್ರು ಅವ್ರೆ. ಜಾನ್‌ಗಿಂತ, ಜೀವಕ್ಕಿಂತ ಜಾಸ್ತಿನಾ ಡ್ಯೂಟಿ?”

ನಾನು ಅಪ್ಪನಿಗೆ ಫೋನ್ ಮಾಡಿದೆ. ಕೋರ್ಟಿನಿಂದ ಆಗ ತಾನೆ ಬಂದು ಅಂಗಿ ಬಿಚ್ಚುತ್ತಿದ್ದರಂತೆ. “ಅವ್ಳನ್ನ ಮನೆಗೆ ಕರ್ಕೊಂಬಾ ಅಪ್ಪ. ಓದು ಆಮೇಲೆ. ಜೀವ ಇದ್ರೆ ತಾನೆ?” ಎಂದಷ್ಟೇ ಹೇಳಲು ಸಾಧ್ಯವಾಯಿತು.

ಅಪ್ಪ ಕಾರಣ ಕೇಳಲಿಲ್ಲ. “ಹೊಂಟೆ,” ಎಂದರು.

ಬೆಂಚಿನ ಮೇಲೆ ಮತ್ತೆ ಕುಳಿತಾಗ ಐಲ್ಸಾ ತನ್ನ ಕೋಟನ್ನು ನನ್ನ ಹೆಗಲ ಮೇಲೆ ಹೊದಿಸಿದಳು. ಗೌತಮಿ ತಮ್ಮ ಬಳಿಯಿದ್ದಾಳೆಂದು ಅಪ್ಪನ ಫೋನ್ ಬರುವವರೆಗೂ ಅವಳು ನನ್ನ ಜೊತೆಯಲ್ಲೇ ಕುಳಿತಿದ್ದಳು.

ಗೌತಮಿಯ ಆಸ್ಪತ್ರೆಯಲ್ಲಿ ನಡೆದದ್ದನ್ನು ನಂತರ ರೆಹಾನಾ ಹೇಳಿದರು. ಹೆರಿಗೆ ವಿಭಾಗದ ಒಳಗೆ ಗಂಡಸರನ್ನು ಬಿಡುವುದಿಲ್ಲವೆಂದು ಕಾವಲಿನವನು ಅಪ್ಪನನ್ನು ತಡೆದನಂತೆ. ಅಪ್ಪ ಜಗಳವಾಡಲಿಲ್ಲ. ಬಾಗಿಲ ಹೊರಗೆ ನೆಟ್ಟಗೆ ನಿಂತು, ಕೋರ್ಟಿನಲ್ಲಿ ಕೂಗುವ ಅದೇ ಧ್ವನಿಯಲ್ಲಿ ಮಗಳ ಪೂರ್ತಿ ಹೆಸರನ್ನು ತಂದೆಯ ಹೆಸರಿನ ಸಮೇತ ಕೂಗಿದರು. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿದರು. ಒಳಗಿನಿಂದ ಒಬ್ಬ ಹಿರಿಯ ವೈದ್ಯೆ ಬಂದು, “ಯಾರ್ರೀ ಅದು? ಇದು ಆಸ್ಪತ್ರೆ ಅಂತ ಗೊತ್ತಿಲ್ವಾ?” ಎಂದು ಗದರಿದರು.

“ಗೊತ್ತು ತಾಯಿ. ನನ್ ಮಗ್ಳಿಗೆ ಉಷಾರಿಲ್ಲ. ಅದ್ಕೇ ಆಸ್ಪತ್ರೆಗೆ ಬಂದೆ,” ಎಂದರಂತೆ ಅಪ್ಪ.

ಆ ವೈದ್ಯೆ ದಾರಿ ಬಿಟ್ಟರು.

ವಾಪಸು

ಉಳಿದ ದಿನಗಳನ್ನು ಬಿಟ್ಟು ಹೊರಟುಬಂದೆ. ಹೊರಡುವ ಬೆಳಿಗ್ಗೆ ಮೋರಾಗ್ ಅಜ್ಜಿಗೂ ಮಗಳ ಊರಿನಲ್ಲಿ ಹಾಸಿಗೆ ದೊರೆತಿತ್ತು. ಗಾಲಿಕುರ್ಚಿಯಲ್ಲಿ ಕುಳಿತಿದ್ದವರ ಮುಂದೆ ಬಗ್ಗಿ, ಹೋಗುತ್ತೇನೆ ಎಂದೆ. ನಾಲಿಗೆ ತೊಡರಿತು. “ಈಗ ಸರಿ,” ಎಂದು ಅಜ್ಜಿ ಕೈ ಕುಲುಕಿದರು.

ಮನೆಗೆ ಬಂದು ನೋಡಿದರೆ ಗೌತಮಿಯ ಕೆನ್ನೆಯ ಎಲುಬು ಕಾಣುತ್ತಿತ್ತು. ತುಮಕೂರಿನಲ್ಲಿ ಮನೋವೈದ್ಯರಿಗೆ ತೋರಿಸಿದೆವು. ಚಿಕಿತ್ಸೆ ಆರಂಭವಾಗಿದೆ, ವೈದ್ಯಕೀಯ ರಜೆ ಸಿಕ್ಕಿದೆ. ಅವಳ ವಿಭಾಗದ ಮುಖ್ಯಸ್ಥರನ್ನು ನಾನೇ ಕಂಡು, ಪಾಳಿಗೆ ಮಿತಿ ಬೇಕೆಂದು ಕೇಳಿ ಬಂದೆ. ನಾವೆಲ್ಲ ಹೀಗೆಯೇ ಓದಿ ಬಂದವರು ಎಂದರು. ನಾನೂ ಹಾಗೆ ಬಂದವಳೇ, ಸರ್, ಬಂದದ್ದರಿಂದಲೇ ಕೇಳುತ್ತಿದ್ದೇನೆ ಎಂದೆ. ಧ್ವನಿ ಗಟ್ಟಿಯಾಗಿರಲಿಲ್ಲ, ಆದರೆ ಹೇಳಿದೆ. ರಾತ್ರಿಯೆಲ್ಲ ದುಡಿದವರನ್ನು ಮರುದಿನ ಮಧ್ಯಾಹ್ನದೊಳಗೆ ಬಿಡುವ ಬಗ್ಗೆ ಯೋಚಿಸೋಣ ಎಂದಿದ್ದಾರೆ. ಯೋಚಿಸುತ್ತಾರೋ ಇಲ್ಲವೋ ತಿಳಿಯದು. ಸದ್ಯಕ್ಕೆ ಗೌತಮಿಯ ಪಾಳಿಗಳು ಅವಳ ಗೆಳತಿಯರ ಹೆಗಲಿಗೆ ಬಿದ್ದಿವೆ. ಅವಳಿಗೆ ಇದು ಗೊತ್ತು, ಊಟದ ನಡುವೆ ತಟ್ಟೆ ಬಿಟ್ಟು ಎದ್ದುಬಿಡುತ್ತಾಳೆ. ಮರಳಿ ಹೋಗುವುದೋ ಬಿಡುವುದೋ ಇನ್ನೂ ತೀರ್ಮಾನಿಸಿಲ್ಲ. ಯಾರೂ ಕೇಳುತ್ತಲೂ ಇಲ್ಲ.

ಬಂದ ಕೆಲವು ದಿನಗಳ ಮೇಲೆ, ಬೆಳಗಿನ ತಿಂಡಿಯಾದ ನಂತರ, ಪಾವಗಡದ ಕಡೆಯಿಂದ ನಮ್ಮ ಬೀದಿಗೆ ಸೊಸೆಯಾಗಿ ಬಂದು, ಮುದುಕಿಯಾದರೂ ಮಾತಿನಲ್ಲಿ ತೆಲುಗು ಬೆರೆಸುವ ಓಬಳಮ್ಮ ಬಾಗಿಲಿಗೆ ಬಂದರು. ಇಬ್ಬರು ಹೆಣ್ಣುಮಕ್ಕಳು ಡಾಕ್ಟರಾದ ಮೇಲೆ ಬೀದಿಯವರು ಯಾವ ಹೊತ್ತಿಗೆ ಬಂದರೂ ಅಮ್ಮ ನಮ್ಮನ್ನು ಎಬ್ಬಿಸಿ ಕಳುಹಿಸುವುದು ವಾಡಿಕೆ.

“ಏಮ್ಮಾ, ಡಾಕ್ಟ್ರಮ್ಮ ಉಂದಾ? ಬಿ.ಪಿ. ನೋಡಿಸ್ಕೊಂಡ್ ಹೋಗನಾ ಅಂತ ಬಂದೆ.”

“ಮಲಗವ್ಳೆ ಓಬಳಮ್ಮ,” ಎಂದರು ಅಮ್ಮ.

“ಇದೇಮಮ್ಮಾ ಇದು! ಇಷ್ಟು ಹೊತ್ತೇರಿದ್ರೂ ಡಾಕ್ಟ್ರು ಮಲಗ್ತಾರಾ?”

“ಈಗ ಮಲಗೋದೇ ಅವ್ಳ ಡ್ಯೂಟಿ ಕಣಮ್ಮ.”

“ಆಹಾ, ಚಾಲಾ ಬಾಗುಂದಿ, ಬಲೇ ಚೆನ್ನಾಗೈತೆ ಡ್ಯೂಟಿ! ಹಂಗಾದ್ರೆ ದೊಡ್ಡೋಳನ್ನೇ ಕರಿ.”

ನಾನು ಆಗಲೇ ಸ್ಟೆತಾಸ್ಕೋಪು, ಬಿ.ಪಿ. ಉಪಕರಣ ಹಿಡಿದು ನಡುಮನೆಗೆ ಬಂದಿದ್ದೆ. ಅಮ್ಮ ತಿರುಗಿಯೂ ನೋಡದೆ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕೈಯಿಟ್ಟರು.

“ಅವ್ಳೂ ಇಲ್ಲ.”

“ಅಯ್ಯೋ, ಅಲ್ಲೇ ನಿಂತವ್ಳಲ್ಲಮ್ಮಾ ನಿನ್ ಹಿಂದೆ!”

“ನಿಂತವ್ಳೆ. ಆದ್ರೂ ಇವತ್ತು ಇಲ್ಲ. ಆಸ್ಪತ್ರೇಲಿ ನೋಡ್ತಾರೆ ನಡಿ. ನಾನೇ ಜತೇಲಿ ಬತ್ತೀನಿ.”

ಅಮ್ಮ ಚಪ್ಪಲಿ ಮೆಟ್ಟಿ ಓಬಳಮ್ಮನ ಕೈ ಹಿಡಿದು ಮೆಟ್ಟಿಲಿಳಿಸಿದರು. ಇಬ್ಬರೂ ಏನನ್ನೋ ಬೈದಾಡಿಕೊಂಡು ಬೀದಿಯ ತಿರುವಿನವರೆಗೆ ಹೋದದ್ದನ್ನು ನೋಡಿದೆ. ರೋಗಿ ಕರೆದರೂ ನಾನು ಹೋಗದೆ ನಿಂತದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡಬೇಕೆಂಬುದು ತಿಳಿಯಲಿಲ್ಲ. ಸ್ಟೆತಾಸ್ಕೋಪನ್ನು ಗೋಡೆಯ ಮೊಳೆಗೆ ನೇತುಹಾಕಿ, ಬಾಗಿಲನ್ನು ಮುಂದೆ ಮಾಡಿ, ಗೌತಮಿ ಮಲಗಿದ್ದ ಕೋಣೆಯಲ್ಲಿ ಹೋಗಿ ಕುಳಿತೆ.